‘ನನ್ನಲ್ಲಿ ಸರಿ ಕಾಣ್ತದೆ’ ಎನ್ನದ ಸುಗುಣಕ್ಕ

ಸುಗುಣಕ್ಕನ ಮೇಜಿನ ಮೇಲೆ ಒಂದು ಸ್ಟೀಲಿನ ತಟ್ಟೆ, ಅದರ ತುಂಬ ಹಳೆಯ ಮೊಬೈಲುಗಳು. ಗಾಜು ಬಿರುಕು ಬಿಟ್ಟದ್ದು, ಬದಿಯ ಗುಂಡಿ ಕಿತ್ತುಹೋದದ್ದು, ಬೆನ್ನಿನ ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡದ್ದು. ಪುತ್ತೂರಿನಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿದ್ದ ಆ ಆಫೀಸಿಗೆ ಮೊದಲ ಸಲ ಬಂದವರು, ಇದು ಮೊಬೈಲ್ ರಿಪೇರಿಯ ಜಾಗವಿರಬೇಕೆಂದು ತಿಳಿದು ವಾಪಸು ಮೆಟ್ಟಿಲಿಳಿಯುವುದಿತ್ತು. “ಬನ್ನಿ ಮಾರಾಯ್ರೆ, ವೆಬ್‌ಸೈಟ್ ಮಾಡುದು ಇಲ್ಲಿಯೇ” ಎಂದು ಒಳಗಿನಿಂದ ಸುಗುಣಕ್ಕನ ದೊಡ್ಡ ದನಿ ಕೇಳಿಸುತ್ತಿತ್ತು. ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಸುಗುಣಕ್ಕ ಕೈ ಚಾಚುತ್ತಿದ್ದರು. “ನಿಮ್ಮ ಮೊಬೈಲ್ ಒಮ್ಮೆ ಕೊಡಿ ನೋಡುವ.”

ಎಷ್ಟೋ ಗಂಡಸರು ಆ ಮಾತಿಗೆ ಗಾಬರಿಯಾದದ್ದನ್ನು ನಾನು ನೋಡಿದ್ದೇನೆ.

ಆ ಆಫೀಸಿನಲ್ಲಿ ಒಂದು ಮಾತನ್ನು ಮಾತ್ರ ಆಡುವ ಹಾಗಿರಲಿಲ್ಲ. ಅದು ‘ನನ್ನಲ್ಲಿ ಸರಿ ಕಾಣ್ತದೆ’ ಎಂಬ ಮಾತು. ಗಿರಾಕಿ ಫೋನು ಮಾಡಿ, ‘ನೀವು ಬದಲಿಸಿದ್ದೇವೆ ಅಂದದ್ದು ಬದಲಾಗಲೇ ಇಲ್ಲ’ ಎಂದರೆ, ಬದಲಾದದ್ದು ನಮ್ಮ ಕಣ್ಣೆದುರೇ ಇದ್ದರೂ ಹಾಗೆ ಹೇಳಕೂಡದು. ಒಮ್ಮೆ ನನ್ನ ಬಾಯಿಂದ ಅದು ಜಾರಿತು. ಸುಗುಣಕ್ಕ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ ನನ್ನತ್ತ ತಿರುಗಿದರು. “ನಿನ್ನಲ್ಲಿ ಸರಿ ಕಾಣುದು ಯಾರಿಗೆ ಬೇಕು ವೀಣಾ? ವೆಬ್‌ಸೈಟ್ ಮಾಡಿದ್ದು ನಿನಗೆ ನೋಡ್ಲಿಕ್ಕಾ? ಅವರಿಗೆ ಎಂತ ಕಾಣ್ತಾ ಉಂಟು, ಅದನ್ನು ಕೇಳು.”

ಅವರು ಮೊದಲು ಇದ್ದದ್ದು ಪ್ರೆಸ್ಸಿನಲ್ಲಿ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಇವುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. ಆ ಕಸುಬನ್ನು ಬಿಟ್ಟು ತಾವೇ ವೆಬ್‌ಸೈಟ್ ಕಲಿತು ಆಫೀಸು ತೆರೆದಾಗ ಕಬಕದಲ್ಲಿದ್ದ ಅವರ ಮನೆಯಲ್ಲಿ ಯಾರೂ ಅದನ್ನು ಮೆಚ್ಚಲಿಲ್ಲವಂತೆ. “ಪ್ರೆಸ್ಸಿನಲ್ಲಿ ಒಂದು ಸುಖ ಉಂಟು. ಎಲ್ಲರೂ ನೋಡುದು ಒಂದೇ ಕಾಗದ. ಇಲ್ಲಿ ಹಾಗಲ್ಲ. ಒಬ್ಬನ ಮೊಬೈಲಿನಲ್ಲಿ ಇವತ್ತಿನದ್ದು, ಇನ್ನೊಬ್ಬನದ್ದರಲ್ಲಿ ಹೋದ ತಿಂಗಳದ್ದು” ಎಂದು ಅವರು ಹೇಳುತ್ತಿದ್ದರು. ತಟ್ಟೆಯ ಮೊಬೈಲುಗಳು ಇದ್ದದ್ದು ಆ ಕಾರಣಕ್ಕೇ. ಊರಿನ ಜನರ ಕೈಯಲ್ಲಿ ಇರುವಂಥ ಮೊಬೈಲುಗಳಲ್ಲಿ ತೆರೆದು ನೋಡದೆ ಅವರು ಯಾವ ಕೆಲಸವನ್ನೂ ಮುಗಿಯಿತು ಅನ್ನುತ್ತಿರಲಿಲ್ಲ.

ನಾನು ಬೆಳ್ಳಾರೆಯ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವುದನ್ನು ಬಿಟ್ಟು ಅವರ ಜೊತೆ ಸೇರಿದ ವಾರವೇ ಇದನ್ನು ಕಲಿಯಬೇಕಾಯಿತು. ಗಿಡ ಮಾರುವ ಒಂದು ನರ್ಸರಿಯ ವೆಬ್‌ಸೈಟಿನ ತಲೆಬರಹದ ಹಸಿರನ್ನು ಸ್ವಲ್ಪ ಗಾಢ ಮಾಡಬೇಕಿತ್ತು. ಅಂಥ ಬಣ್ಣ, ಅಕ್ಷರದ ಗಾತ್ರ, ಗೆರೆ ಇವೆಲ್ಲ ಇರುವುದು ಸ್ಟೈಲ್‌ಶೀಟ್ ಎಂಬ ಬೇರೆಯೇ ಒಂದು ಕಡತದಲ್ಲಿ. ಅದರಲ್ಲಿ ಬದಲಿಸಿದೆ, ಪುಟದಲ್ಲಿ ಹಸಿರು ಹಾಗೇ ಇತ್ತು. ಮತ್ತೆ ಬದಲಿಸಿದೆ, ಸಾಲನ್ನು ಅಳಿಸಿ ಬರೆದೆ, ಕೊನೆಗೆ ಸರಿ ಇದ್ದದ್ದನ್ನೂ ಕೆಡಿಸಿ ಕುಳಿತೆ. ಸುಗುಣಕ್ಕ ಚಹಾದ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತರು.

“ತಪ್ಪು ಎಲ್ಲಿ ಅಂತ ಹುಡುಕ್ತಾ ಇದ್ದೀಯಾ?”

“ಹೌದಕ್ಕ.”

“ಅದು ಆಮೇಲೆ. ನೀನು ಬರೆದದ್ದು ಅಲ್ಲಿಗೆ ಮುಟ್ಟಿದೆಯಾ, ಮೊದಲು ಅದನ್ನು ನೋಡು.”

ಸ್ಟೈಲ್‌ಶೀಟಿನ ವಿಳಾಸವನ್ನೇ ಬ್ರೌಸರಿನಲ್ಲಿ ಹಾಕಿ ತೆರೆಸಿದರು. ನನ್ನ ಹೊಸ ಸಾಲು ಅದರಲ್ಲಿ ಇರಲೇ ಇಲ್ಲ! ಕಂಪ್ಯೂಟರ್ ಹಿಂದೆಂದೋ ತಂದಿಟ್ಟುಕೊಂಡಿದ್ದ ಹಳೆಯ ಪ್ರತಿಯನ್ನೇ ತೋರಿಸುತ್ತಿತ್ತು. ಅವರು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಎಲ್ಲವನ್ನೂ ಹೊಸದಾಗಿ ತರಿಸಿದರು. ನಾನು ಬೆಳಗಿನಿಂದ ಬಯಸಿದ್ದ ಹಸಿರು ತೆರೆಯ ಮೇಲೆ ಬಂದು ನಿಂತಿತು.

“ಅದಕ್ಕೆ ಬೈದು ಪ್ರಯೋಜನ ಇಲ್ಲ” ಎಂದರು. “ಅದು ಮಾಡುದು ಉಪಕಾರವೇ. ಪ್ರತಿ ಸಲ ಎಲ್ಲ ತರುದು ಯಾಕೆ, ಒಮ್ಮೆ ತಂದದ್ದನ್ನು ಇಟ್ಟುಕೊಂಡ್ರೆ ಬೇಗ ತೋರಿಸ್ಬಹುದು ಅಂತ. ನಾವು ಬದಲಿಸಿದ್ದು ಅದಕ್ಕೆ ಗೊತ್ತಾಗುದು ಹೇಗೆ? ನಾವೇ ಹೇಳ್ಬೇಕು.” ಹೇಳುವ ಉಪಾಯವೂ ಸುಲಭದ್ದೇ. ಪುಟದಲ್ಲಿ ಸ್ಟೈಲ್‌ಶೀಟನ್ನು ಹೆಸರಿಸುವಲ್ಲಿ, ಆ ಹೆಸರಿನ ತುದಿಗೆ ಒಂದು ಅಂಕಿ ಸೇರಿಸುವುದು. ಸ್ಟೈಲ್‌ಶೀಟ್ ಬದಲಾದಾಗಲೆಲ್ಲ ಅಂಕಿಯನ್ನೂ ಬದಲಿಸುವುದು. ಆಗ ಬ್ರೌಸರು ಇದು ತನ್ನ ಬಳಿ ಇಲ್ಲದ ಕಡತವೆಂದುಕೊಂಡು ಹೊಸದನ್ನು ತರುತ್ತದೆ.

ಹೀಗೆ ಹಳೆಯ ಪ್ರತಿ ಉಳಿದುಕೊಳ್ಳುವುದಕ್ಕೆ ನಮ್ಮ ಕಸುಬಿನವರು ಕ್ಯಾಶ್ ಎನ್ನುತ್ತಾರೆ. ಆದರೆ ಸುಗುಣಕ್ಕ ಗಿರಾಕಿಗಳೆದುರು ಆ ಶಬ್ದ ಎತ್ತುತ್ತಿರಲಿಲ್ಲ. ಕಡಬದ ಹಾರ್ಡ್‌ವೇರ್ ಅಂಗಡಿಯವರಿಗೆ ಫೋನಿನಲ್ಲಿ “ಒಮ್ಮೆ ಕ್ಯಾಶ್ ಕ್ಲಿಯರ್ ಮಾಡಿ” ಎಂದದ್ದಕ್ಕೆ, “ಎಲ್ಲ ಕ್ಲಿಯರ್ ಮಾಡಿಯಾಗಿದೆ ಅಲ್ವ ಅಕ್ಕ, ಇನ್ನು ಎಂತ ಬಾಕಿ ಉಂಟು?” ಎಂದು ಅವರು, ಹಣದ ಮಾತೆಂದು ತಿಳಿದು, ಮುನಿಸಿಕೊಂಡಿದ್ದರಂತೆ.

ಸುಗುಣಕ್ಕನ ಪರೀಕ್ಷೆಯ ಬಣ್ಣ ಗಾಢ ಗುಲಾಬಿ. ಬದಲಾವಣೆ ಮುಟ್ಟಿತೋ ಇಲ್ಲವೋ ಎಂಬ ಸಂಶಯ ಬಂದಾಗ ಇಡೀ ಪುಟವನ್ನು ಒಂದು ಗಳಿಗೆ ಗುಲಾಬಿ ಮಾಡಿಬಿಡುವುದು. ಮುಟ್ಟಿದ್ದರೆ ಕಣ್ಣಿಗೆ ಹೊಡೆಯುತ್ತದೆ. ವಾಪಸು ತೆಗೆಯಲು ಮರೆತು, ಬಹಳ ಗಂಭೀರ ಮನುಷ್ಯರಾದ ವಕೀಲರೊಬ್ಬರ ವೆಬ್‌ಸೈಟ್ ಇಡೀ ದಿನ ಗುಲಾಬಿಯಾಗಿಯೇ ಉಳಿದದ್ದೂ ಉಂಟು. ವಕೀಲರು ಸಿಟ್ಟಿನಿಂದ ಫೋನು ಮಾಡಿದರು. ಸುಗುಣಕ್ಕನಿಗೆ ನಗು ತಡೆಯಲಾಗಲಿಲ್ಲ. “ತಪ್ಪಾಯ್ತು ಸಾರ್, ಈಗಲೇ ತೆಗೆದೆ” ಎಂದು ಕ್ಷಮೆ ಕೇಳುವಾಗಲೂ ನಗುತ್ತಲೇ ಇದ್ದರು. ಕೊನೆಗೆ ವಕೀಲರೂ ನಕ್ಕರು.

ಆದರೆ ಒಂದು ಗುರುವಾರ ಯಾರೂ ನಗುವ ಹಾಗಿರಲಿಲ್ಲ.

ಪುತ್ತೂರಿನ ಡಯಾಲಿಸಿಸ್ ಕೇಂದ್ರವೊಂದರ ವೆಬ್‌ಸೈಟ್ ನಾವು ನೋಡಿಕೊಳ್ಳುತ್ತಿದ್ದೆವು. ಯಾವ ದಿನ ಯಾವ ಶಿಫ್ಟ್ ಎಂಬ ಪಟ್ಟಿ ಅದರಲ್ಲಿತ್ತು. ದೂರದವರು ಅದನ್ನು ನೋಡಿಕೊಂಡೇ ಮನೆ ಬಿಡುತ್ತಿದ್ದರು. ಯಂತ್ರಗಳ ದುರಸ್ತಿಗೆಂದು ಕೇಂದ್ರದವರು ಆ ಗುರುವಾರ ಮಧ್ಯಾಹ್ನದ ಶಿಫ್ಟನ್ನು ಶುಕ್ರವಾರಕ್ಕೆ ಹಾಕಿದರು. ಸುಗುಣಕ್ಕ ಹಿಂದಿನ ದಿನವೇ ಗುರುವಾರದ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಪಟ್ಟಿಯ ಕೆಳಗೆ ಶುಕ್ರವಾರದ ಹೊಸ ಸಾಲು ಸೇರಿಸಿದ್ದರು.

ಗುರುವಾರ ಮಧ್ಯಾಹ್ನ ಕೇಂದ್ರದ ಮ್ಯಾನೇಜರರ ಫೋನು ಬಂತು. “ಇಲ್ಲಿ ಒಬ್ಬರು ಪೇಷಂಟನ್ನು ಕರ್ಕೊಂಡು ಬಂದು ಗಲಾಟೆ ಮಾಡ್ತಾ ಇದ್ದಾರೆ. ಶಿಫ್ಟ್ ಉಂಟು ಅಂತ ವೆಬ್‌ಸೈಟಿನಲ್ಲಿ ಇತ್ತಂತೆ. ರದ್ದು ಅಂತ ಹಾಕಿದ್ದೇವೆ ಅಂತ ನೀವೇ ಒಮ್ಮೆ ಅವರಿಗೆ ಹೇಳಿ.”

“ಅವರು ಅಲ್ಲೇ ಇರ್ಲಿ. ನಾವು ಬರ್ತೇವೆ” ಎಂದ ಸುಗುಣಕ್ಕ, ಸ್ಕೂಟರಿನ ಕೀ ತೆಗೆದುಕೊಂಡು ನನ್ನನ್ನೂ ಹತ್ತಿಸಿಕೊಂಡು ಹೊರಟರು.

ಬೆಂಚಿನ ಮೇಲೆ ಕೊರಗಪ್ಪಣ್ಣ ಎಂಬ ವಯಸ್ಸಾದವರು ಕಣ್ಣು ಮುಚ್ಚಿ ಕೂತಿದ್ದರು. ಕಾಲು ಬಾತುಕೊಂಡು ಚಪ್ಪಲಿ ಪಕ್ಕದಲ್ಲಿತ್ತು. ಮಗಳು ರೇವತಿ ಅವರನ್ನು ಮರ್ಕಂಜದಿಂದ ಸುಳ್ಯಕ್ಕೆ, ಸುಳ್ಯದಿಂದ ಇಲ್ಲಿಗೆ ಬಸ್ಸು ಬದಲಿಸಿ ಕರೆತಂದಿದ್ದಳು. ಮ್ಯಾನೇಜರರು ತಮ್ಮ ಕಂಪ್ಯೂಟರನ್ನು ಅವಳತ್ತ ತಿರುಗಿಸಿ ಇಟ್ಟಿದ್ದರು. ಅದರಲ್ಲಿ ಕೆಂಪು ಗೆರೆ ಸ್ಪಷ್ಟವಾಗಿಯೇ ಇತ್ತು.

“ನೋಡಿ, ಎಷ್ಟು ಸರಿಯಾಗಿ ಕಾಣ್ತದೆ! ಸರಿ ನೋಡಿ ಬರ್ಬೇಕಲ್ವ?”

“ನೋಡಿಯೇ ಬಂದದ್ದು ಸಾರ್” ಎಂದ ರೇವತಿಯ ದನಿಯಲ್ಲಿ ಆಗಲೇ ಜೋರು ಉಳಿದಿರಲಿಲ್ಲ.

ಸುಗುಣಕ್ಕ ಮ್ಯಾನೇಜರರ ಕಂಪ್ಯೂಟರಿನತ್ತ ತಿರುಗಲೂ ಇಲ್ಲ. ರೇವತಿಯ ಪಕ್ಕದಲ್ಲಿ ಕೂತು ಅವಳ ಮೊಬೈಲ್ ಕೇಳಿ ಪುಟ ತೆರೆದರು. ಗುರುವಾರ ಮಧ್ಯಾಹ್ನದ ಸಾಲು ಅಲ್ಲಿತ್ತು. ಮೇಲೆ ಗೆರೆಯಿಲ್ಲ, ಕೆಂಪಿಲ್ಲ. ಉಳಿದ ಸಾಲುಗಳಂತೆಯೇ ಕಪ್ಪು ಅಕ್ಷರದಲ್ಲಿ, ಶಿಫ್ಟ್ ಇದ್ದೇ ಇದೆ ಎಂಬ ಹಾಗೆ.

ಅವರು ಪಟ್ಟಿಯ ಕೆಳಗಿನವರೆಗೆ ಬೆರಳಾಡಿಸಿದರು. ಶುಕ್ರವಾರದ ಹೊಸ ಸಾಲು ಅದರಲ್ಲೂ ಇತ್ತು. ಎದ್ದು ಹೋಗಿ ಮೊಬೈಲನ್ನು ಮ್ಯಾನೇಜರರ ಮುಂದೆ ಹಿಡಿದರು.

“ಇವರು ಸರಿಯಾಗಿಯೇ ನೋಡಿದ್ದು. ಶುಕ್ರವಾರದ ಸಾಲು ಬಂದಿದೆ, ಹಾಗಾಗಿ ಪುಟ ಹೊಸತೇ. ಆದ್ರೆ ಕೆಂಪು ಗೆರೆ ಇರುದು ಬೇರೆ ಕಡತದಲ್ಲಿ. ಅದರ ಹಳೆಯ ಪ್ರತಿ ಈ ಮೊಬೈಲಿನಲ್ಲಿ ಕೂತಿದೆ. ಅದನ್ನು ಬದಲಿಸಿದಾಗ ಹೆಸರಿನ ಅಂಕಿ ಬದಲಿಸ್ಬೇಕಿತ್ತು, ಅವಸರದಲ್ಲಿ ನಾನು ಬದಲಿಸ್ಲಿಲ್ಲ. ತಪ್ಪು ನನ್ನದು.”

ಮ್ಯಾನೇಜರರು ತುಸು ತಗ್ಗಿದರು. “ಆಯ್ತು. ಇನ್ನು ನಾಳೆ ಬರ್ಲಿ.”

“ಈ ಕಾಲಿನಲ್ಲಿ ನಾಳೆವರೆಗೆ ಇವರು ಕಾಯ್ಬಹುದಾ? ಅದನ್ನು ಹೇಳ್ಬೇಕಾದ್ದು ನೀವೂ ಅಲ್ಲ, ನಾನೂ ಅಲ್ಲ. ಡಾಕ್ಟ್ರನ್ನು ಕರೀರಿ.”

ಒಳಗಿನಿಂದ ಬಂದ ಡಾಕ್ಟರು ಕೊರಗಪ್ಪಣ್ಣನ ಕಾಲನ್ನು ಒತ್ತಿ ನೋಡಿದರು, ಉಸಿರಾಟ ಕೇಳಿಸಿಕೊಂಡರು. ತುರ್ತಿಗೆಂದು ಇಟ್ಟಿದ್ದ ಯಂತ್ರವನ್ನು ಸಿದ್ಧ ಮಾಡಲು ನರ್ಸಿಗೆ ಹೇಳಿದರು.

ಸುಗುಣಕ್ಕನ ಕೆಲಸ ಅಷ್ಟಕ್ಕೆ ಮುಗಿಯಲಿಲ್ಲ. ಆ ಶಿಫ್ಟಿನ ಉಳಿದ ರೋಗಿಗಳ ಮನೆಗಳಿಗೆಲ್ಲ ಮ್ಯಾನೇಜರರಿಂದಲೇ ಫೋನು ಮಾಡಿಸಿದರು. ಬೆಳ್ಳಾರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಅಲ್ಲಿಂದಲೇ ಮನೆಗೆ ಮರಳಿದರು. ಅಷ್ಟರಲ್ಲಿ ರಿಸೆಪ್ಶನ್ನಿನ ಕಂಪ್ಯೂಟರಿನಲ್ಲಿ ಕೂತು ಸುಗುಣಕ್ಕ ಅಂಕಿ ಬದಲಿಸಿದರು. ಅದಕ್ಕೂ ಮೊದಲು, ಪುಟದೊಳಗೇ ‘ಗುರುವಾರ ಮಧ್ಯಾಹ್ನ ಡಯಾಲಿಸಿಸ್ ಇಲ್ಲ’ ಎಂದು ಬರೆದರು. “ಇಲ್ಲ ಅನ್ನುವುದನ್ನು ಅಕ್ಷರದಲ್ಲೇ ಹೇಳ್ಬೇಕು ವೀಣಾ. ಅದನ್ನು ಬಣ್ಣದ ಕೈಯಲ್ಲಿ ಹೇಳಿಸ್ಬಾರ್ದು” ಎಂದರು. ನಮ್ಮ ಆಫೀಸಿನಲ್ಲಿ ಮಾಡಿದ ಯಾವ ಪಟ್ಟಿಯಲ್ಲೂ ಆಮೇಲೆ ಗೆರೆ ಮಾತ್ರ ಎಳೆದು ಬಿಟ್ಟದ್ದಿಲ್ಲ.

ಅಪ್ಪನನ್ನು ಒಳಗೆ ಕರೆದೊಯ್ದ ಮೇಲೆ ರೇವತಿ ನಮ್ಮ ಜೊತೆ ಚಹಾ ಕುಡಿದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: “ಅವರು ಆ ಕಂಪ್ಯೂಟರ್ ತೋರಿಸಿ ತೋರಿಸಿ, ಕೊನೆಗೆ ನನಗೇ ಸಂಶಯ ಬಂತಕ್ಕ. ಅಪ್ಪನನ್ನು ಸುಮ್ಮನೆ ಎಳ್ಕೊಂಡು ಬಂದೆನಾ ಅಂತ.”

ನಾನು ಕಂಡ ಹಾಗೆ ಸುಗುಣಕ್ಕನ ಕಣ್ಣು ಒದ್ದೆಯಾದದ್ದು ಅದೊಂದೇ ಸಲ. “ಇನ್ನು ಸಂಶಯ ಬೇಡ ಮಾರಾಯ್ತಿ. ನೀನು ಓದಿದ್ದು ಸರಿ” ಎಂದರು.

ನಾನಂತೂ ಸುಗುಣಕ್ಕ ಆ ಆಫೀಸಿನಲ್ಲೇ ಮುದುಕಿಯಾಗುತ್ತಾರೆಂದು ತಿಳಿದಿದ್ದೆ. ಐವತ್ತರ ಹತ್ತಿರ ಬಂದಿದ್ದರು, ಮದುವೆಯಾಗಿರಲಿಲ್ಲ, ಅದರ ಮಾತೆತ್ತಿದವರನ್ನು ಎರಡೇ ಮಾತಿನಲ್ಲಿ ಸುಮ್ಮನಾಗಿಸುತ್ತಿದ್ದರು. ಆಗ ಕಾರವಾರದಿಂದ ಒಬ್ಬ ಗಿರಾಕಿ ಬಂದರು. ಬಂದರು ಎಂದರೆ ಫೋನಿನಲ್ಲಿ. ಕಾಲೇಜಿನ ಲೈಬ್ರರಿ ನೋಡಿಕೊಳ್ಳುವ, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದ ಮನುಷ್ಯ. ಅವರ ಲೈಬ್ರರಿಯ ವೆಬ್‌ಸೈಟಿನಲ್ಲಿ ಅಕ್ಷರದ ಗಾತ್ರ ಬದಲಿಸಿದ್ದು ಅವರಿಗೆ ಕಾಣುತ್ತಿರಲಿಲ್ಲ. ಸುಗುಣಕ್ಕ ಎಂದಿನಂತೆ ಕೇಳಿದರು: “ನಿಮಗೆ ಎಂತ ಕಾಣ್ತಾ ಉಂಟು?” ಉಳಿದವರೆಲ್ಲ ‘ಏನೂ ಸರಿ ಇಲ್ಲ’ ಎನ್ನುವವರು. ಈ ಮನುಷ್ಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಮನೆಯಲ್ಲಿ ಹೇಗೆ ಕಾಣುತ್ತದೆ, ಕಾಲೇಜಿನಲ್ಲಿ ಹೇಗೆ ಕಾಣುತ್ತದೆ ಎಂದು ಸಾವಧಾನವಾಗಿ ಹೇಳಿದರು. ಕಾಲೇಜಿನಲ್ಲಿ ಮಾತ್ರ ಹಳೆಯದು ಕಾಣುತ್ತದೆಂದರೆ, ಹಳೆಯ ಪ್ರತಿ ಅಲ್ಲಿನ ನೆಟ್‌ವರ್ಕಿನಲ್ಲೇ ಉಳಿದಿದೆಯೆಂದು ಸುಗುಣಕ್ಕ ಹಿಡಿದರು. ಕೆಲಸ ಮುಗಿಯಿತು, ಫೋನು ಮುಗಿಯಲಿಲ್ಲ.

ಆ ಲೈಬ್ರರಿಯವರನ್ನೇ ಮದುವೆಯಾಗುವ ಸುದ್ದಿಯನ್ನು ಸುಗುಣಕ್ಕ ಒಂದು ದಿನ ನನಗೆ ಹೇಳಿದರು. “ಕಂಡದ್ದನ್ನು ಕಂಡ ಹಾಗೆ ಹೇಳುವ ಗಂಡಸು ಸಿಕ್ಕುದು ಕಷ್ಟ” ಎಂದು ಅವರು ಗಟ್ಟಿಯಾಗಿ ನಕ್ಕರು. ಕಬಕದ ಮನೆಯಲ್ಲೇ ಸಣ್ಣದಾಗಿ ಮದುವೆ ನಡೆಯಿತು. ಆಫೀಸನ್ನು ನನಗೆ ಬಿಟ್ಟುಕೊಟ್ಟರು. “ಫೋನು ಮಾಡಿ ಕೇಳ್ಬೇಡ. ನಿನಗೆ ಬರ್ತದೆ” ಎಂದರು. ಅವರು ಹಾಗೆ ಹೇಳಿದ ಮೇಲೆ ನನಗೂ ಬರುತ್ತದೆಂದೇ ಅನಿಸಿತು.

ಕಾರವಾರಕ್ಕೆ ಹೊರಡುವ ದಿನ ಪುತ್ತೂರಿನ ರೈಲ್ವೆ ನಿಲ್ದಾಣಕ್ಕೆ ಹೋಗಿದ್ದೆ. ಅವರ ಯಜಮಾನರು ಸಾಮಾನುಗಳನ್ನು ಒಳಗೆ ಸೇರಿಸುತ್ತಿದ್ದರು. ಸುಗುಣಕ್ಕ ಬೋಗಿಯ ಬಾಗಿಲಲ್ಲಿ ನಿಂತು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರಿಗೆ ಯಾವ ಚೀಲ ಎಲ್ಲಿಡಬೇಕೆಂದು ಹೇಳುತ್ತಿದ್ದರು.

“ಬೇಸರ ಇಲ್ವಾ ಅಕ್ಕ?” ಎಂದು ಕೇಳಿದೆ.

“ಬೇಸರ ಇಲ್ಲದೆ ಎಂತ? ಬೇಸರವೂ ಉಂಟು, ಖುಷಿಯೂ ಉಂಟು. ಎರಡನ್ನೂ ತಕ್ಕೊಂಡೇ ಹೋಗುದು.”

ರೈಲು ಹೊರಟಿತು. ಅವರು ಕೈ ಬೀಸಲಿಲ್ಲ. ನಗುತ್ತಾ, ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲೇ ನಿಂತಿದ್ದರು. ನಾನು ಆಫೀಸಿಗೆ ಬಂದಾಗ ಮೆಟ್ಟಿಲ ಮೇಲೆ ಒಬ್ಬರು ಕಾಯುತ್ತಾ ಕೂತಿದ್ದರು.

“ಸುಗುಣಕ್ಕ ಇಲ್ವಾ?”

“ಇಲ್ಲ, ಅವರು ಊರು ಬಿಟ್ಟರು” ಎಂದು ಬೀಗ ತೆಗೆದು, ದೀಪ ಹಾಕಿ, ಅವರಿಗೆ ಕುರ್ಚಿ ಎಳೆದುಕೊಟ್ಟೆ. “ಬನ್ನಿ, ಕೂತ್ಕೊಳ್ಳಿ. ಇನ್ನು ಕೆಲಸ ನಾನು ನೋಡುದು.”