ಪರಂಪರೆಯಿಂದ ಬಂದ ಝಡ್

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸು ಮಸ್ಕಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿರುತ್ತಿತ್ತು. ಆದರೂ ನನಗೊಂದು ಸೀಟು ಇರುತ್ತಿತ್ತು. ಲಿಂಗಸುಗೂರಿನಲ್ಲೇ ಹತ್ತುತ್ತಿದ್ದ ನನ್ನ ಗೆಳತಿ ಪಕ್ಕದಲ್ಲಿ ಬ್ಯಾಗು ಇಟ್ಟುಕೊಂಡು, ಕೇಳಿದವರಿಗೆಲ್ಲ "ಬರ್ತಾರ್ರೀ, ಬರ್ತಾರ್ರೀ" ಎನ್ನುತ್ತಾ ಬಂದಿರುತ್ತಿದ್ದಳು. ಯಾರೋ ದೊಡ್ಡ ಮನುಷ್ಯರು ಬರುತ್ತಾರೇನೋ ಎಂದುಕೊಂಡು ಜನ ನಿಂತೇ ಬರುತ್ತಿದ್ದರು. ಮಸ್ಕಿಯಲ್ಲಿ ನಾನು ಹತ್ತಿ ಆ ಸೀಟಿನಲ್ಲಿ ಕೂತಾಗ ಅವರು ನೋಡುತ್ತಿದ್ದ ನೋಟ ಇವತ್ತಿಗೂ ನನ್ನ ಬೆನ್ನಿಗೆ ಚುಚ್ಚುತ್ತದೆ.

ಕೂತ ಕೂಡಲೇ ನಮ್ಮ ಪಾರಾಯಣ ಶುರುವಾಗುತ್ತಿತ್ತು. ಇಬ್ಬರೂ ಸಿಂಧನೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದೆವು. ಪ್ರೋಗ್ರಾಂ ಎಂದರೆ ಕಂಪ್ಯೂಟರಿಗೆ ಏನು ಮಾಡಬೇಕೆಂದು ಹೇಳುವ ಸಾಲುಗಳು. ಅವನ್ನು ಯೋಚನೆ ಮಾಡಿ ಬರೆಯಬೇಕು ಎಂಬ ಸುದ್ದಿ ನಮ್ಮ ಕಡೆಗೆ ಇನ್ನೂ ಮುಟ್ಟಿರಲಿಲ್ಲ. ನಾವು ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದೆವು. "ಫಾರ್, ಬ್ರಾಕೆಟ್ ಓಪನ್, ಐ ಈಕ್ವಲ್ ಟು ಝೀರೋ, ಸೆಮಿಕೋಲನ್" ಎಂದು ಅವಳು ಎತ್ತಿಕೊಂಡರೆ ಮುಂದಿನ ಸಾಲು ನಾನು ಹೇಳಬೇಕು. ಬಸ್ಸು ಗುಂಡಿಗೆ ಬಿದ್ದರೂ ಲಯ ತಪ್ಪುವಂತಿರಲಿಲ್ಲ. ಒಂದು ದಿನ ಹಿಂದಿನ ಸೀಟಿನಲ್ಲಿದ್ದ ವಿಭೂತಿ ಹಚ್ಚಿದ ಅಜ್ಜಿಯೊಬ್ಬಳು ನಮ್ಮದು "ಫ್ಲವರ್ ಬ್ರಾಕೆಟ್ ಕ್ಲೋಸ್" ಆಗುತ್ತಲೇ ಕಣ್ಣು ಮುಚ್ಚಿ ಕೈ ಮುಗಿದಳು.

"ಚಲೋ ಅಂತೀರವಾ. ಯಾವ ಮಠದಾಗ ಕಲಿಸ್ಯಾರ?" ಎಂದು ಕೇಳಿದಳು.

"ಸಿಂಧನೂರಾಗರೀ ಅಮ್ಮಾ" ಎಂದಳು ಗೆಳತಿ, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ.

ಈ ಪ್ರೋಗ್ರಾಂಗಳು ನಮಗೆ ಬಂದದ್ದು ಸೀನಿಯರ್‌ಗಳಿಂದ, ಅವರಿಗೆ ಅವರ ಸೀನಿಯರ್‌ಗಳಿಂದ. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಒಂದು ಪ್ರೋಗ್ರಾಂ ಇತ್ತು. ಅದರಲ್ಲಿ ಮುಂದೆ ಬಳಸುವ ಹೆಸರುಗಳನ್ನೆಲ್ಲ ಮೊದಲ ಸಾಲಿನಲ್ಲೇ ಬರೆದಿಡಬೇಕು: ಐ, ಜೆ, ಟೆಂಪ್, ಝಡ್. ಐಗೆ ಕೆಲಸವಿತ್ತು, ಜೆಗೆ ಕೆಲಸವಿತ್ತು, ಟೆಂಪ್‌ಗಂತೂ ಪುರಸೊತ್ತೇ ಇರಲಿಲ್ಲ. ಝಡ್ ಮಾತ್ರ ಮೊದಲ ಸಾಲಿನಲ್ಲಿ ಬಂದು ಕೂತದ್ದು ಕೊನೆಯವರೆಗೂ ಎಲ್ಲಿಯೂ ಕಾಣಿಸುತ್ತಿರಲಿಲ್ಲ. ಮದುವೆ ಮನೆಯಲ್ಲಿ ಯಾವ ಕಡೆಯವರೆಂದು ಯಾರಿಗೂ ಗೊತ್ತಿಲ್ಲದ, ಕೇಳಿದರೆ ಎಲ್ಲಿ ಬೇಜಾರಾಗುತ್ತಾರೋ ಎಂದು ಎಲ್ಲರೂ ಸುಮ್ಮನಿರುವ ಹಿರಿಯರಂತೆ ಅದು ಅಲ್ಲಿತ್ತು. ಅದನ್ನು ತೆಗೆಯೋಣವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಗೆಳತಿ ಬೆಚ್ಚಿಬಿದ್ದಳು. "ಲೇ, ಚಂದಾಗಿ ಓಡಾಕತ್ತೈತಿ. ಅದರ ಗೊಡವಿಗೆ ಹೋಗಬ್ಯಾಡ" ಎಂದಳು. ಪರೀಕ್ಷೆಯಲ್ಲಿ ಇಡೀ ಕ್ಲಾಸು ಝಡ್ ಬರೆಯಿತು. ಎಲ್ಲರಿಗೂ ಒಳ್ಳೆಯ ಅಂಕ ಬಂದವು.

ಕೊನೆಯ ವರ್ಷದಲ್ಲಿ, ಕಂಪನಿಯೊಂದು ನಮ್ಮ ಕಾಲೇಜಿಗೆ ಬಂದು ಕೆಲವರನ್ನು ಹುಬ್ಬಳ್ಳಿಯ ತನ್ನ ಆಫೀಸಿಗೆ ಆರಿಸಿಕೊಳ್ಳುತ್ತದೆ ಎಂಬ ಸುದ್ದಿ ಬಂತು. ನನಗೆ ಆ ಕೆಲಸ ಸಿಗಲೇಬೇಕಿತ್ತು. ನಮ್ಮಪ್ಪನದು ಮಸ್ಕಿಯಲ್ಲಿ ಬಟ್ಟೆ ಅಂಗಡಿ. ಅವರು ನನಗೆ ಮೊದಲೇ ಹೇಳಿಬಿಟ್ಟಿದ್ದರು: "ಡಿಗ್ರಿ ಮುಗಿಯೂದರಾಗ ಕೆಲಸ ಸಿಕ್ಕರ ಹೋಗವಾ, ನಾ ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲಂದ್ರ ಅಂಗಡಿ ನಿಂದ." ಬೇರೆ ಹುಡುಗಿಯರ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದ್ದಾಗ ನಮ್ಮಪ್ಪ ನನಗೆ ಅಂಗಡಿ ಕೊಡುತ್ತೇನೆ ಎನ್ನುತ್ತಿದ್ದರು. ಸಿಟ್ಟು ಮಾಡಿಕೊಂಡು ಕೂಗಾಡಲೂ ಬಾರದಂಥ ಒಳ್ಳೆಯತನ ಅದು. ಆದರೆ ನನಗೆ ಅಂಗಡಿ ಬೇಡವಾಗಿತ್ತು, ಕಂಪ್ಯೂಟರೇ ಬೇಕಿತ್ತು. ನನಗೆ ಅದು ನಿಜವಾಗಿ ಬರುತ್ತದೆಯೋ ಇಲ್ಲವೋ ಎಂಬುದೇ ನನಗೆ ಗೊತ್ತಿರಲಿಲ್ಲ.

ಸಂದರ್ಶನಕ್ಕೂ ನಮ್ಮ ತಯಾರಿ ಒಂದೇ ಬಗೆಯದು. ತುರ್ವಿಹಾಳದ ಸೀನಿಯರ್ ಒಬ್ಬ ಹಿಂದೆ ಇಂಥದ್ದೇ ಸಂದರ್ಶನದಲ್ಲಿ ಪಾಸಾಗಿದ್ದ. "ನಿಮ್ಮ ಬಗ್ಗೆ ಹೇಳಿ" ಎಂದರೆ ತಾನು ಇಂಗ್ಲಿಷಿನಲ್ಲಿ ಏನು ಹೇಳಿದ್ದೆ ಎಂಬುದನ್ನು ಅವನು ವಾಟ್ಸಾಪಿನಲ್ಲಿ ಕಳಿಸಿದ. ಕೆಲಸ ಕೊಡಿಸಿದ ಮಾತುಗಳು! ಇಡೀ ಕ್ಲಾಸು ಒಂದಕ್ಷರವೂ ಬಿಡದೆ ಬಾಯಿಪಾಠ ಮಾಡಿತು. ಬಸ್ಸಿನಲ್ಲಿ ಈಗ ಸೆಮಿಕೋಲನ್ ಬದಲು "ಮೈ ಹಾಬಿ ಈಸ್ ಸ್ವಿಮ್ಮಿಂಗ್" ಕೇಳತೊಡಗಿತು. ಕಾಲುವೆ ಪಕ್ಕದ ಊರಿನವನು, ಅವನು ಈಜುತ್ತಿದ್ದದ್ದು ನಿಜ. ನಾನು ಮಾತ್ರ ಕಾಲುವೆಯನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ.

ಸಂದರ್ಶನ ನಡೆದದ್ದು ನಮ್ಮದೇ ಲ್ಯಾಬಿನಲ್ಲಿ. ಕಂಪನಿಯಿಂದ ಒಬ್ಬರು ಮೇಡಂ ಬಂದಿದ್ದರು, ಮಾತು ಮೈಸೂರು ಕಡೆಯದು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಒಳಗಿನದೆಲ್ಲ ಹೊರಗೆ ಕೇಳುತ್ತಿತ್ತು. ಮೊದಲು ಹೋದವನು ಈಜಿದ. ಎರಡನೆಯವನೂ ಈಜಿದ. ನನ್ನ ಗೆಳತಿಯ ಸರದಿ ಬರುವಷ್ಟರಲ್ಲಿ ಮೇಡಂಗೆ ಅನುಮಾನ ಗಟ್ಟಿಯಾಗಿತ್ತು.

"ನೀವೂ ಸ್ವಿಮ್ಮಿಂಗಾ? ಹೇಗೆ ಈಜ್ತೀರಾ?" ಎಂದು ಕೇಳಿದರು.

ಗೆಳತಿ ಒಂದು ಕ್ಷಣ ಯೋಚಿಸಿ, "ಎರಡೂ ಕೈಲೇರೀ" ಎಂದಳು.

ಒಳಗೆ ಮೇಡಂ ನಕ್ಕದ್ದು ಹೊರಗೆ ಕಾರಿಡಾರಿನ ತುದಿಯವರೆಗೂ ಕೇಳಿಸಿತು. ಆಮೇಲೆ ಇಬ್ಬರೂ ಏನೇನೋ ಹರಟೆ ಹೊಡೆದರು. ಹೊರಗೆ ನಿಂತಿದ್ದ ನನ್ನ ಬಾಯಲ್ಲೂ ಅದೇ ಸ್ವಿಮ್ಮಿಂಗ್ ಇತ್ತು. ನನಗೆ ಹೇಳಲು ಬೇರೇನೂ ಇರಲಿಲ್ಲವಲ್ಲ.

ನನ್ನ ಸರದಿ ಬಂದಾಗ ಮೇಡಂ ಕೈ ಎತ್ತಿ ತಡೆದರು. "ಪರಿಚಯ ಬೇಡ, ನಿಮ್ಮ ಬಗ್ಗೆ ನನಗೆಲ್ಲ ಗೊತ್ತು. ಒಂದು ಪ್ರೋಗ್ರಾಂ ಬರೆದು ತೋರಿಸಿ" ಎಂದರು. ಉಸಿರು ಬಂದಂತಾಯಿತು. ಅಂಕಿ ಜೋಡಿಸುವ ಪ್ರೋಗ್ರಾಂ ಒಂದೇ ಓಟದಲ್ಲಿ ಟೈಪ್ ಮಾಡಿದೆ. ಅಂಕಿಗಳು ಸಣ್ಣದರಿಂದ ದೊಡ್ಡದಕ್ಕೆ ಶಿಸ್ತಾಗಿ ಬಂದು ನಿಂತವು. ಮೇಡಂ ಪರದೆಯ ಮೇಲೆ ಬೆರಳಿಟ್ಟರು.

"ಈ ಝಡ್ ಯಾಕೆ?"

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ನನ್ನ ಪಾಲಿಗೇ ಬರಬೇಕೇ! "ನಮ್ಮ ಸೀನಿಯರ್ಸ್ ಹಾಕ್ಯಾರ್ರೀ ಮೇಡಂ" ಎಂದೆ.

"ತೆಗೆದು ನೋಡಿ."

ಆ ಒಂದಕ್ಷರ ಅಳಿಸಿ ಪ್ರೋಗ್ರಾಂ ಓಡಿಸಿದೆ. ಹಿರಿಯರ ಶಾಪ ತಟ್ಟಿ ಲ್ಯಾಬಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಆರಿಹೋಗುತ್ತವೆ ಎಂದೇ ಅನಿಸಿತ್ತು. ಏನೂ ಆಗಲಿಲ್ಲ. ಅಂಕಿಗಳು ಮೊದಲಿನಂತೆಯೇ ಬಂದು ನಿಂತವು. ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಅವಮಾನವಾಯಿತು.

"ಈಗ ಇದನ್ನೇ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ" ಎಂದರು ಮೇಡಂ.

ಅದು ನಮ್ಮ ಪಾಠದಲ್ಲಿ ಇರಲಿಲ್ಲ. ಏನನ್ನೋ ಒಂದನ್ನು ತಿರುಗಿಸಿಟ್ಟರೆ ಆದೀತು ಎಂದು ಮೇಲಿನ ಸಾಲಿನ ಒಂದು ಚಿಹ್ನೆಯನ್ನು ತಿರುವಿದೆ. ಅಂಕಿಗಳು ಕೊಟ್ಟಾಗ ಹೇಗಿದ್ದವೋ ಹಾಗೆಯೇ ಬಂದವು, ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. ಬೇರೆ ದಾರಿಯಿಲ್ಲದೆ ಆ ಸಾಲುಗಳನ್ನು ಮೊದಲನೆಯ ಸಲ ಓದಿದೆ. ಅಲ್ಲಿಯವರೆಗೆ ನಾನು ಅವನ್ನು ಹೇಳಿದ್ದೆ ಅಷ್ಟೇ, ಓದಿರಲಿಲ್ಲ. ಅಕ್ಕಪಕ್ಕದ ಎರಡು ಅಂಕಿಗಳನ್ನು ನೋಡುವುದು, ಮೊದಲನೆಯದು ದೊಡ್ಡದಿದ್ದರೆ ಜಾಗ ಬದಲಿಸುವುದು, ಮುಂದಿನ ಜೋಡಿಗೆ ಹೋಗುವುದು. ಅರೆ, ಇದು ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಮಾಡುತ್ತಿದ್ದದ್ದೇ ಅಲ್ಲವೇ! ಪ್ರಾರ್ಥನೆಗೆ ನಿಂತಾಗ ಹಿಂದುಮುಂದಿನ ಇಬ್ಬರ ಎತ್ತರ ನೋಡಿ, ಕುಳ್ಳಿಯರನ್ನು ರಟ್ಟೆ ಹಿಡಿದು ಮುಂದಕ್ಕೆ ದಬ್ಬುತ್ತಿದ್ದರು. ನಾನು ದಿನವೂ ಹಾಗೆ ದಬ್ಬಿಸಿಕೊಂಡೇ ಮೊದಲ ಸಾಲಿಗೆ ಬಂದವಳು. ಎತ್ತರದವರು ಮುಂದೆ ಬರಬೇಕೆಂದರೆ ಮಾಸ್ತರರು ಬೇರೇನನ್ನೂ ಬದಲಿಸಬೇಕಿಲ್ಲ, ಯಾರನ್ನು ದಬ್ಬಬೇಕು ಎಂಬುದನ್ನು ಬದಲಿಸಿದರೆ ಸಾಕು.

ಮೊದಲು ತಿರುವಿದ್ದನ್ನು ಸರಿಮಾಡಿ, ಎರಡು ಅಂಕಿಗಳನ್ನು ಹೋಲಿಸುವ ಸಾಲಿನಲ್ಲಿದ್ದ 'ದೊಡ್ಡದು' ಎಂಬ ಚಿಹ್ನೆಯನ್ನು ತಿರುವಿದೆ. ದೊಡ್ಡ ಅಂಕಿ ಮುಂದೆ ಬಂತು, ಅದರ ಹಿಂದೆ ಉಳಿದವೆಲ್ಲ ಇಳಿಯುತ್ತಾ ಬಂದವು. "ಬಂತ್ರೀ!" ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ಎಂಥ ಸಂತೋಷ ಅದು! ಪಾಸಾದಾಗಲೂ ನನಗೆ ಅಷ್ಟು ಆಗಿರಲಿಲ್ಲ. ಮೇಡಂ ಗಡಿಯಾರ ನೋಡಿ, "ಸ್ವಲ್ಪ ಹೊತ್ತು ಹಿಡೀತು, ಆದ್ರೆ ಬಂತು" ಎಂದರು. ಮುಂದಿನವರನ್ನು ಕರೆದರು.

ಮಧ್ಯಾಹ್ನದ ಮೇಲೆ ಆಯ್ಕೆಯಾದವರ ಹೆಸರು ಓದಿದರು. ನನ್ನ ಹೆಸರು ಇರಲಿಲ್ಲ. ಎರಡೂ ಕೈಯಿಂದ ಈಜುವವಳ ಹೆಸರಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಹಿಂದಿರುಗುವ ಬಸ್ಸಿನಲ್ಲಿ ನಮ್ಮ ಪಾರಾಯಣ ನಡೆಯಲಿಲ್ಲ. ಅವಳು ಮೆಲ್ಲಗೆ, "ನೀ ಇಲ್ಲದ ನಾನೂ ಹೋಗಂಗಿಲ್ಲಬೇ" ಎಂದಳು.

"ಹುಚ್ಚಿ, ಬಾಯಿ ಮುಚ್ಚು. ನೀ ಹೋಗಲಿಲ್ಲಂದ್ರ ನಾನ ನಿನ್ನ ಕಾಲುವ್ಯಾಗ ದಬ್ಬತೀನಿ" ಎಂದೆ. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಮಸ್ಕಿ ಬಂದಾಗ ನಾನು ಇಳಿದೆ.

ಸೀದಾ ಅಂಗಡಿಗೆ ಹೋದೆ. ಅಪ್ಪ ಗಾದಿಯ ನಡುವೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು.

"ಏನಾತವಾ?"

"ನಂದು ಆಗಲಿಲ್ರೀ ಅಪ್ಪಾ. ಆಕೀದು ಆತು."

ಅಪ್ಪ ಗಾದಿಯ ಮೇಲೆ ಒಂದು ಪಕ್ಕಕ್ಕೆ ಸರಿದು, ತೆರವಾದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದರು. ಚುಚ್ಚಬೇಕೆಂದು ಮಾಡಿದ್ದಲ್ಲ, ಮಗಳು ಮುಖ ಸಣ್ಣ ಮಾಡಿಕೊಂಡು ನಿಂತದ್ದು ನೋಡಲಾರದೆ ಮಾಡಿದ್ದು. ನಾನು ಹೋಗಿ ಅಲ್ಲಿ ಕೂತೆ. ಗಾದಿ ಅಪ್ಪನ ಮೈಯಿಂದ ಬೆಚ್ಚಗಿತ್ತು. ಎದುರಿಗೆ ಬೀದಿ, ಕೈಯಳತೆಯಲ್ಲಿ ಬಟ್ಟೆಯ ಥಾನುಗಳು. ಇಲ್ಲಿ ಕೂತುಬಿಟ್ಟರೆ ನಾನು ಇನ್ನು ಏಳುವುದಿಲ್ಲ ಎಂದು ಭಯವಾಯಿತು.

"ಅಪ್ಪಾ, ನನಗ ಇನ್ನೊಂದು ವರ್ಷ ಕೊಡ್ರಿ" ಎಂದೆ.

"ಮತ್ತೇನು ಮಾಡಾಕ?"

"ಇಷ್ಟು ದಿನ ಬರೇ ಬಾಯಿಪಾಠ ಮಾಡೀನ್ರಿ. ಇವತ್ತ ಮೊದಲನೇ ಸಲ ತಿಳದೈತಿ. ತಿಳದ ಮ್ಯಾಲ ಬಿಡಾಕ ಮನಸ್ಸಾಗವಲ್ದು."

ಅಪ್ಪ ತಿರುಗಿ ನನ್ನನ್ನು ನೋಡಿದರು. "ಮೂರು ವರ್ಷ ದಿನಾ ಬಸ್ಸಿಗೆ ಹೋಗಿ, ತಿಳದದ್ದು ಇವತ್ತ?"

"ಹೂಂರೀ."

ಅಷ್ಟರಲ್ಲಿ ಗಿರಾಕಿಯೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು ಧೋತರ ತೋರಿಸಿರೆಂದರು. ಅಪ್ಪ ಅವರಿಗೆ ಕೂಡಲು ಹೇಳಿ, ನನ್ನ ಭುಜಕ್ಕೆ ಮೆಲ್ಲಗೆ ತಮ್ಮ ಭುಜ ತಾಗಿಸಿದರು.

"ಏಳವಾ ಹಂಗಾರ. ಇದು ನನ್ನ ಜಾಗ."

ನಾನು ಎದ್ದೆ. ಅಪ್ಪ ಮತ್ತೆ ನಡುವೆ ಸರಿದು ಕೂತು, ಧೋತರ ಬಿಚ್ಚಿ ತೋರಿಸತೊಡಗಿದರು.