ಟೊಪ್ಪಿಗೆ ಮೇಲಿನ ನೀಲಿ ಗುರುತು

ಅವರ ಬೆರಳ ತುದಿಗೆ ಯಾವಾಗಲೂ ನೀಲಿ ಶಾಯಿ ಅಂಟಿರುತ್ತಿತ್ತು. ಬೀದರಿನ ದವಾಖಾನೆಯಲ್ಲಿ ತಲೆಗೆ ಚುಂಬಕದ ಬಡಿತ ಕೊಡುವ ಮಶಿನು ನಡೆಸುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು; ಆದರೂ ಎಲ್ಲರಿಗೂ ಮಶಿನ್ ಅಕ್ಕ.

ಬರ ಬಿದ್ದ ವರ್ಷ ನಾನೂ ತಂಗಿಯೂ ನಮ್ಮೂರು ಡಾಬಕಾ ಬಿಟ್ಟು, ಮೇವು ಹುಡುಕಿ ಕುರಿ ಹೊಡೆದುಕೊಂಡು ಗಡಿಯಾಚೆ ಹೋಗಿದ್ದೆವು. ಕುರಿಗಳು ದಾರಿಯಲ್ಲೇ ಸತ್ತವು. ತಂಗಿ ಎದೆ ಬಡಿದುಕೊಂಡು ಅತ್ತಳು, ಅತ್ತು ಉಂಡು ಮಲಗಿದಳು. ನನಗೆ ಅಳು ಬರಲಿಲ್ಲ. ಆಮೇಲೆ ಹಸಿವೂ ಇಲ್ಲ, ನಗುವೂ ಇಲ್ಲ. ಮೈಲೂರಿಗೆ ಕೊಟ್ಟ ಮಗಳು ತಾನು ಬಸುರಿ ಅಂದಾಗ "ಹೂಂ" ಅಂದೆ, ಅಷ್ಟೇ. ಅವಳ ಮುಖ ಸಣ್ಣದಾಯಿತು. ಹುಟ್ಟುವ ಕೂಸನ್ನೂ ಹೀಗೇ ಕಲ್ಲಿನ ಹಾಗೆ ಎತ್ತಿಕೊಳ್ಳುತ್ತೇನೇನೋ ಅನ್ನಿಸಿತು. ಗುಳಿಗೆಯಿಂದ ಏನೂ ಆಗಲಿಲ್ಲ. ಡಾಕ್ಟರು ಮಶಿನಿಗೆ ಕಳಿಸಿದರು. ಅಲ್ಲಿ ಅಕ್ಕನನ್ನು ಕೇಳಿದೆ:

"ನನ್ನ ತಂಗಿ ಛಲೋ ಅದಾಳ್ರಿ. ನಾ ಯಾಕ ಹಿಂಗ?"

"ಬರ ಒಂದೇ ಇದ್ರೂ ತಲಿ ಎರಡವ ಅಲ್ರಿ, ಆಯಿ? ನಿಮ್ಮ ತಲಿಗಿ ಎಷ್ಟು ಬಡಿತ ಬೇಕೋ ನೋಡೋಣು ತಡೀರಿ."

ನನಗೆ ಬಟ್ಟೆಯ ಟೊಪ್ಪಿಗೆ ಹಾಕಿ, ಅಲ್ಲಿಷ್ಟು ಇಲ್ಲಿಷ್ಟು ಟಕ್ ಅನ್ನಿಸಿ, ನನ್ನ ಹೆಬ್ಬೆರಳನ್ನೇ ನೋಡುತ್ತ ಕೂತರು. ತಲೆಯ ಯಾವ ಜಾಗಕ್ಕೆ ಬಡಿದರೆ ಅದು ತಾನಾಗಿ ಜಿಗಿಯಿತೋ ಆ ಜಾಗ ಹಿಡಿದು, ಅಳತೆ ಮಾಡಿ ಟೊಪ್ಪಿಗೆ ಮೇಲೆ ನೀಲಿ ಗುರುತು ಹಾಕಿದರು.

"ಕುರಿಗಿ ಬಣ್ಣ ಹಚ್ಚಿದಂಗಾತಲ್ರಿ ಅಕ್ಕಾವ್ರ."

"ತಪ್ಪಿಸ್ಕೊಂಡ್ರ ಹುಡುಕಾಕ ಬೇಕಲ್ರಿ!"

ಅವರು ನಕ್ಕರು. ನಾನು ನಗಲಿಲ್ಲ.

ಟೊಪ್ಪಿಗೆ ನಮ್ಮ ಹತ್ತಿರವೇ ಇರುತ್ತಿತ್ತು. ಬೆವರು ಹತ್ತಿದ್ದನ್ನು ಹಾಗೇ ಒಯ್ಯಬಾರದೆಂದು, ಟ್ಯಾಂಕರಿನಿಂದ ಹಿಡಿದ ಕುಡಿಯುವ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದೆ. ಗುರುತೆಲ್ಲ ಹೋಯಿತು. ಮರುದಿನ ಅಕ್ಕ ಬೆಳ್ಳಗಾದ ಟೊಪ್ಪಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕುಡಿಯೋ ನೀರಾಗ ತೊಳದೀರಿ?"

"ಹೊಲಸ ಟೊಪ್ಪಿಗಿ ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿ?"

ಹೊರಗೆ ಮಂದಿ ಕಾಯುತ್ತಿದ್ದರು. ಅಕ್ಕ ಬೈಯಲಿಲ್ಲ. ಪೆನ್ನು ತೆಗೆದು, ಹೆಬ್ಬೆರಳು ಜಿಗಿಯುವ ಜಾಗವನ್ನು ಮೊದಲಿನಿಂದ ಹುಡುಕಿ ಮತ್ತೆ ಗುರುತು ಹಾಕಿದರು. "ಏನೂ ಅನಸಂಗಿಲ್ಲ ಅಂತೀರಿ, ಆಯಿ. ನನಗ ಮರ್ಯಾದಿ ಕೊಡಬೇಕು ಅಂತ ಅನಸ್ತಲ್ಲ?"

ಅವತ್ತೂ ನನ್ನೊಳಗೆ ಏನೂ ಆಗಲಿಲ್ಲ. ವಾರಗಟ್ಟಲೆ ಹೋದೆ, ಬಂದೆ. ಹಸಿವು ಬಂತು, ನಿದ್ದೆ ಬಂತು. ಅಳು ಮಾತ್ರ ಇಲ್ಲ.

ಮೊಮ್ಮಗಳು ಹುಟ್ಟಿದ ದಿನ ಅವಳ ಮುಷ್ಟಿಯಲ್ಲಿ ನನ್ನ ಹೆಬ್ಬೆರಳು ಸಿಕ್ಕಿತು. ಮಶಿನಿಲ್ಲದೆ ಜಿಗಿಯಿತು! ನಾನು ಗೊಳೋ ಎಂದು ಅತ್ತೆ. ಸತ್ತ ಕುರಿಗಳಿಗೂ ಸೇರಿಸಿಯೇ ಅತ್ತೆ. ನರ್ಸುಗಳು ಓಡಿ ಬಂದರು, ನಾನು ನಗುತ್ತಿದ್ದೆ.

ಕೂಸನ್ನು ತೋರಿಸಲು ಹೋದಾಗ ಮಶಿನಿನ ಹತ್ತಿರ ಬೇರೆಯವರಿದ್ದರು. ಅಕ್ಕ ತೀರಿಕೊಂಡು ತಿಂಗಳಾಗಿತ್ತು.

ಮೊಮ್ಮಗಳೀಗ ಸಾಲೆ ಕಲಿಯುತ್ತಾಳೆ, ಈ ಬರಹದಲ್ಲಿನ ನನ್ನ ಕಾಗುಣಿತ ತಿದ್ದಿದವಳೂ ಅವಳೇ! ಟೊಪ್ಪಿಗೆ ಟ್ರಂಕಿನಲ್ಲಿದೆ, ಅದರ ಮೇಲೆ ಅಕ್ಕ ಹಾಕಿದ ನೀಲಿ ಗುರುತೂ. ನಳದಲ್ಲಿ ನೀರು ಧಾರಾಳ ಬರುತ್ತದೆ. ತೊಳೆದಿಲ್ಲ.