ಪೂಜೆಗೆ ಕೂತ ಪತ್ರಿಕೆ

ಪರ್ತ್ ಸಿಟಿಯಲ್ಲಿ ಆಫೀಸು ಮುಗಿಸಿ, ಟ್ರೈನು ಇಳಿದು ಬಸ್ಸು ಹಿಡಿದು ಸದರ್ನ್ ರಿವರ್‌ನ ಕನ್ನಡದ ಅಂಕಲ್ ಒಬ್ಬರ ಮನೆಗೆ ಹಳೇ ಪತ್ರಿಕೆಯೊಂದನ್ನು ನೋಡಲು ಹೋದರೆ, ಅವರು ಬಾಗಿಲಲ್ಲೇ ಹೇಳಿದರು: "ಪತ್ರಿಕೇನ ಸರಸ್ವತಿ ಪೂಜೆಗೆ ಇಟ್ಬಿಟ್ಟಿದೀವಮ್ಮ. ವಿಜಯದಶಮಿವರೆಗೂ ಮುಟ್ಟೋ ಹಾಗಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಮಹಾಯುದ್ಧಗಳ ನಡುವೆ ಅವರ ತಂದೆ ಮೈಸೂರಿನಲ್ಲಿ ಹೊರಡಿಸಿದ ಸಾಹಿತ್ಯ ಪತ್ರಿಕೆ ಅದು. ಮಡಿ, ಜಾತಿ, ಪೂಜೆ, ದೊರೆತನ ಎಲ್ಲವನ್ನೂ ಬೈದು ಕ್ರಾಂತಿ ಮಾಡಲು ಹೊರಟು ಮೂರೇ ಸಂಚಿಕೆಗೆ ಕಣ್ಣು ಮುಚ್ಚಿತ್ತು. ಅಂಥದಕ್ಕೆ ಇಲ್ಲಿ ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ!

ಕೊನೆಯ ಸಂಚಿಕೆಯಲ್ಲಿ ನನ್ನ ಅಜ್ಜಿಯ ಲೇಖನವಿತ್ತು. ಮದುವೆಗೆ ಮುಂಚೆ ಬರೆದದ್ದು, ಆಮೇಲೆ ಬರೆಯಲೇ ಇಲ್ಲ. ಅದು ಅಚ್ಚಾಗುವ ಹೊತ್ತಿಗೆ ಪತ್ರಿಕೆ ನಿಂತು, ಪ್ರತಿಗಳು ಪ್ರೆಸ್ಸಿನಲ್ಲೇ ಕೊಳೆತವು. "ಹೊಗಳೋದು ಹಾಳಾಗ್ಲಿ, ಬೈಯೋಕಾದ್ರೂ ಒಬ್ರು ಓದ್ಲಿಲ್ವಲ್ಲೇ" ಎಂದು ಸಾಯುವವರೆಗೂ ಗೊಣಗುತ್ತಿದ್ದಳು. ನಾನು ಹುಡುಕಿದಷ್ಟು ದಿನದಲ್ಲಿ ಸಿಕ್ಕ ಪ್ರತಿ ಅಂಕಲ್ ಬಳಿಯ ಇದೊಂದೇ.

ವಿಜಯದಶಮಿಯ ಸಂಜೆ ಮತ್ತೆ ಹೋದೆ. ಮಂಗಳಾರತಿ ಮುಗಿಸಿ, ಗಂಟೆ ಕೈಯಲ್ಲಿ ಹಿಡಿದೇ ಅಂಕಲ್ ಪತ್ರಿಕೆ ಕೊಟ್ಟರು. ತೆರೆಯಲು ಹೋದರೆ ಪುಟಗಳು ಬಿಚ್ಚುವುದೇ ಇಲ್ಲ. ಪ್ರೆಸ್ಸಿನಲ್ಲಿ ಮಡಚಿದ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿಯೇ ಇರಲಿಲ್ಲ!

"ಅಂಕಲ್, ನೀವು ಇದನ್ನ ಓದೇ ಇಲ್ವಾ?"

"ಪ್ರತಿ ವರ್ಷ ಪೂಜೆ ಮಾಡ್ತೀನಲ್ಲಮ್ಮ."

ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಒಂದು ಚಾಕು ಕೊಡಿ ಎಂದೆ.

"ಸರಸ್ವತಿಗೆ ಚಾಕು ಹಾಕ್ತೀಯಾ? ಬಿಡ್ತು ಅನ್ನು!"

"ಪೂಜೆಗಿಟ್ಟ ಪುಸ್ತಕದಲ್ಲಿ ಇವತ್ತು ನಾಕು ಸಾಲಾದ್ರೂ ಓದ್ಬೇಕು ಅಂತ ಪದ್ಧತಿ ತಾನೇ? ಏನ್ ಓದ್ತೀರಿ, ಬರೀ ರಟ್ಟನ್ನಾ?"

ಆಂಟಿ ಕಿಸಕ್ಕನೆ ನಕ್ಕು ಅಡುಗೆಮನೆಯಿಂದ ಚಾಕು ತಂದರು. ಆಯುಧಪೂಜೆಯ ಕುಂಕುಮ ಅದರ ಹಿಡಿಗೆ ಇನ್ನೂ ಅಂಟಿತ್ತು. ಉಸಿರು ಬಿಗಿಹಿಡಿದು ಅಂಚು ಸೀಳಿದೆ. ಅಜ್ಜಿಯ ಪುಟ ಬಂತು. ಗಟ್ಟಿಯಾಗಿ ಓದಿದೆ:

"ಸರಸ್ವತಿಯನ್ನು ಪೂಜಿಸುವ ಮಹನೀಯರು ಮನೆಯ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವುದೇಕೆ? ಉತ್ತರವಿಲ್ಲದಿದ್ದರೆ ಮೊದಲು ಆ ಗಂಟೆಯನ್ನು ಕೆಳಗಿಡಿ."

ಅಂಕಲ್ ತಮ್ಮ ಕೈ ನೋಡಿಕೊಂಡರು. ಮುಖ ಕೆಂಪಾಯಿತು.

"ಏನ್ ಸೊಕ್ಕಮ್ಮ ಇದನ್ನ ಬರೆದ ಹುಡುಗಿಗೆ! ದೊಡ್ಡೋರು ಚಿಕ್ಕೋರು ಅನ್ನೋದು ಬೇಡ್ವಾ? ನಾಲಗೆಗೆ ಲಂಗುಲಗಾಮೇ ಇಲ್ವಲ್ಲ!"

ಅಜ್ಜಿ ಇಷ್ಟಕ್ಕೇ ಕಾದಿದ್ದಳು.

"ಇನ್ನೂ ಬೈಯ್ರಿ ಅಂಕಲ್," ಎಂದೆ, "ನಿಲ್ಲಿಸ್ಬೇಡಿ."